ಕೈ ಮುಗಿದವನ ಖಟ್ಲೆ

ಹೊಸದಾಗಿ ವಕೀಲಿ ಸನದು ಪಡೆದು ಕರಿಕೋಟು ಹೊಲಿಸಿಕೊಂಡವರು ಈಗಲೂ ಆಗಾಗ ನಮ್ಮ ಮನೆಗೆ ಬರುತ್ತಾರೆ. ಚಹಾ ಕುಡಿದು, ಬಸಿ ಕೆಳಗಿಟ್ಟು, "ಕಾಕಾ, ಫೌಜದಾರಿ ಕೆಲಸದಾಗ ಮುಖ್ಯ ಏನಂತ ಎರಡ ಮಾತಿನಾಗ ಹೇಳಿಬಿಡ್ರಿ" ಎನ್ನುತ್ತಾರೆ. ಎರಡು ಮಾತಿನಲ್ಲಿ ಹೇಳುವಂತಿದ್ದರೆ ನಾನು ಸಾಂಗ್ಲಿ, ಮಿರಜಿನ ಕೋರ್ಟುಗಳ ನಡುವೆ ಅಷ್ಟು ವರ್ಷ ಟಾಂಗಾದಲ್ಲಿ ಕೂತು ಸೊಂಟ ಸಡಿಲು ಮಾಡಿಕೊಳ್ಳುತ್ತಲೇ ಇರಲಿಲ್ಲ. ಅದಕ್ಕೇ ಬರೆದು ಕೊಡುತ್ತೇನೆ, ಓದಿಕೊಳ್ಳಲಿ. ಕೋರ್ಟಿನ ಕಾಗದವೆಲ್ಲ ಮರಾಠಿಯಲ್ಲಿ ನಡೆಯುತ್ತಿತ್ತು. ನನ್ನ ಮೊಮ್ಮಕ್ಕಳಂತೂ ಜಗಳವನ್ನೂ ಮರಾಠಿಯಲ್ಲೇ ಆಡುತ್ತಾರೆ. ಆದರೆ ನಾನು ಇಲ್ಲಿ ಹೇಳಹೊರಟಿರುವ ಜನ ನನ್ನ ಮುಂದೆ ಅತ್ತದ್ದು, ಬೈದದ್ದು, ನಿಜ ಹೇಳಿದ್ದು ಕನ್ನಡದಲ್ಲಿ. ಆದ್ದರಿಂದ ಕನ್ನಡದಲ್ಲೇ ಬರೆಯುತ್ತೇನೆ.

ಇದೆಲ್ಲ ಸಂಸ್ಥಾನಗಳಿನ್ನೂ ಇದ್ದ ಕಾಲದ ಮಾತು. ಒಂದು ಹಳ್ಳಿ ಒಬ್ಬ ರಾಜರದು, ಅದರ ಪಕ್ಕದ್ದು ಇನ್ನೊಬ್ಬರದು, ಹಳ್ಳ ದಾಟಿದರೆ ಇಂಗ್ರಜಿ ಮುಲುಕು. ಕಳ್ಳ ಎರಡು ಹೊಲ ದಾಟಿ ಓಡಿದರೆ ಪೊಲೀಸರು ಬಾಂಧಿನ, ಅಂದರೆ ಹೊಲದ ಬದುವಿನ, ಮೇಲೆ ನಿಂತು ಅವನನ್ನು ನೋಡುತ್ತಿದ್ದರು, ಅವನು ಆ ಕಡೆ ಕುಳಿತು ಇವರನ್ನು ನೋಡುತ್ತಿದ್ದ. ನಾನು ಎಲ್ಲ ಕಡೆಯೂ ಓಡಾಡಿದವನು. ಯಾವ ಪ್ರಸಂಗ ಯಾವ ಕೋರ್ಟಿನಲ್ಲಿ ಆಯಿತೆಂದು ಮಾತ್ರ ಹೇಳುವುದಿಲ್ಲ. ಆಗಿನವರ ಮಕ್ಕಳು ಇನ್ನೂ ಸಂತೆಯಲ್ಲಿ ಎದುರಾಗುತ್ತಾರೆ, ನನಗೆ ಅವರ ಹತ್ತಿರ ಬದನೆಕಾಯಿ ಕೊಳ್ಳುವುದಿದೆ.

ನಮ್ಮ ಅಪ್ಪನದು ಸಾಂಗ್ಲಿ ಪೇಟೆಯಲ್ಲಿ ಅರಿಶಿನದ ಅಂಗಡಿ. ವಿಭೂತಿ ಹಚ್ಚಿಕೊಂಡು ಗಾದಿಯ ಮೇಲೆ ಕೂಡಬೇಕಾದ ಮಗ ಕಾನೂನು ಓದುತ್ತೇನೆಂದಾಗ ಅಪ್ಪ ಎಂಟು ದಿನ ಮಾತು ಬಿಟ್ಟಿದ್ದರು. ಒಂಬತ್ತನೆಯ ದಿನ ತಾವೇ ಕರೆದುಕೊಂಡು ಹೋಗಿ ಬಾಪು ವಕೀಲರ ಕೈಕೆಳಗೆ ಬಿಟ್ಟರು. ಬಾಪು ವಕೀಲರು ಮರಾಠಿ ಮಾತಾಡುವವರು, ದೊಡ್ಡ ಪೇಟಾ, ಸಣ್ಣ ದೇಹ. ಊರಿನ ಫೌಜದಾರಿ ಖಟ್ಲೆಗಳಲ್ಲಿ ಅರ್ಧಕ್ಕರ್ಧ ಅವರ ಹತ್ತಿರವೇ ಬರುತ್ತಿದ್ದವು.

ಮೊದಲ ವಾರ ಒಬ್ಬ ಕಕ್ಷಿದಾರ ಬಂದ. ಹಿತ್ತಾಳೆಯ ಹಂಡೆ ಕದ್ದ ಆರೋಪ. ಬಾಪು ವಕೀಲರು ಒಳಗೆ ಪೂಜೆಗೆ ಕೂತಿದ್ದರು. ನಾನು ಗತ್ತಿನಿಂದ ಕೇಳಿದೆ, "ನೀ ಕದ್ದಿಲ್ಲ ಅನ್ನೂದಕ್ಕ ಏನು ಪುರಾವೆ ಐತಿ?" ಪೂಜೆಯ ಗಂಟೆ ಅಲ್ಲೇ ನಿಂತಿತು. ಬಾಪು ವಕೀಲರು ಮಡಿಯಲ್ಲೇ ಹೊರಗೆ ಬಂದು, "ಆ ಪ್ರಶ್ನೆ ನಿನ್ನ ಬಾಯಿಂದ ಇನ್ನೊಮ್ಮೆ ಬಂದರೆ ಅಪ್ಪನ ಅಂಗಡಿಗೆ ಹೋಗಿ ಅರಿಶಿನ ತೂಗು. ಅವನು ಕದ್ದ ಎನ್ನುವುದಕ್ಕೆ ಏನು ಪುರಾವೆ ಇದೆ ಅಂತ ಸರಕಾರವನ್ನು ಕೇಳಬೇಕು. ಆರೋಪಿ ಏನನ್ನೂ ಸಾಬೀತು ಮಾಡಬೇಕಾಗಿಲ್ಲ, ಸುಮ್ಮನೆ ನಿಂತರೂ ಸಾಕು" ಎಂದು ಮರಾಠಿಯಲ್ಲಿ ಉಗಿದು ಮತ್ತೆ ಪೂಜೆಗೆ ಹೋದರು. ಕಾನೂನಿನ ಪುಸ್ತಕದಲ್ಲಿ ಇದನ್ನು ನಾನು ಓದಿ ಪಾಸಾಗಿದ್ದೆ. ತಲೆಗೆ ಇಳಿದದ್ದು ಅವತ್ತು.

ಆಮೇಲೆ ನಾನು ಬೇಗ ಕಲಿತೆ. ಇದನ್ನು ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಖಂಡೇರಾಜುರಿ ಕಡೆಯ ಒಬ್ಬನ ಮೇಲೆ ಎತ್ತಿನ ಕಳವಿನ ಖಟ್ಲೆಯಾಗಿತ್ತು. ಸಾಕ್ಷಿದಾರ ಅವನನ್ನು ಆರು ಜನರ ಸಾಲಿನಲ್ಲಿ ಗುರುತು ಹಿಡಿದಿದ್ದನೆಂದು ಪೊಲೀಸರು ಹೆಮ್ಮೆಯಿಂದ ಕಾಗದ ಹಾಜರು ಮಾಡಿದರು. ನಾನು ಪಾಟೀಸವಾಲಿಗೆ ಎದ್ದು ಒಂದೇ ಪ್ರಶ್ನೆ ಕೇಳಿದೆ: "ಆರು ಮಂದ್ಯಾಗ ಇಂವನ ಅಂತ ಹೆಂಗ ಗುರುತ ಹಿಡದ್ರಿ?" ಸಾಕ್ಷಿದಾರ ಪಾಪ ಒಳ್ಳೆಯ ಮನುಷ್ಯ. "ಸೊಂಟಕ್ಕ ಹಗ್ಗಾ ಅವಗ ಒಬ್ಬಗ ಇತ್ತಲ್ರಿ" ಎಂದ. ಉಳಿದ ಐವರನ್ನು ಪೇಟೆಯಿಂದ ಕರೆತಂದಿದ್ದರು, ಅವರು ತೊಳೆದ ಧೋತರ ಉಟ್ಟು ಎಲೆಯಡಿಕೆ ಜಗಿಯುತ್ತ ನಿಂತಿದ್ದರಂತೆ. ಆ ಖಟ್ಲೆ ಅಲ್ಲಿಗೇ ಮುಗಿಯಿತು, ಪೇಟೆಯಲ್ಲಿ ನನ್ನ ಹೆಸರು ಶುರುವಾಯಿತು.

ಮೇಲಿನವರ ಬಗ್ಗೆಯೂ ಹೇಳಬೇಕು. ಒಬ್ಬ ಮ್ಯಾಜಿಸ್ಟ್ರೇಟರು ಆರೋಪಿಯ ಮುಖ ನೋಡಿಯೇ ತೀರ್ಪು ಕೊಡುವವರು. ಮೂಗು ದಪ್ಪವಿದ್ದರೆ ಕಳವು ಮಾಡಿರಲೇಬೇಕೆಂದು ಅವರಿಗೆ ಖಾತ್ರಿ. ಅವರ ಮುಂದೆ ಖಟ್ಲೆ ಬಂದರೆ ನಾವು ಕಕ್ಷಿದಾರನ ಮೂಗು ನೋಡಿ ದೇವರ ಮೇಲೆ ಭಾರ ಹಾಕುತ್ತಿದ್ದೆವು. ಅವರ ನಂತರ ಸಾತಾರೆಯ ಕಡೆಯ ಒಬ್ಬರು ಬಂದರು. ಮೂಗಿಗೇರಿಸುವ ತಪಕೀರಿನ ಡಬ್ಬಿ, ಕಡಿಮೆ ಮಾತು. ಆರೋಪಿ ಒಳಗೆ ಬಂದ ಕೂಡಲೇ ಅವನ ಬೇಡಿ ಬಿಚ್ಚಿಸುತ್ತಿದ್ದರು. ಬಾಪು ವಕೀಲರು ಅವರನ್ನು ನೋಡಿ, "ಇವರ ಮುಂದೆ ವಕೀಲ ದಡ್ಡನಾಗಿದ್ದರೂ ನಡೆಯುತ್ತದೆ" ಎನ್ನುತ್ತಿದ್ದರು. ಆ ಮಾತು ನನಗೇ ಹೇಳಿದ್ದೆಂದು ನನಗೆ ಆಗ ಹೊಳೆಯಲಿಲ್ಲ.

ನಾನು ಮುಖ್ಯವಾಗಿ ಹೇಳಬೇಕೆಂದಿರುವ ಖಟ್ಲೆ ನಡೆದದ್ದು ಇವರ ಮುಂದೆ. ಅದು ನಾನು ಗೆದ್ದ ಖಟ್ಲೆ. ನನ್ನ ವೃತ್ತಿಯ ಅತಿ ದೊಡ್ಡ ತಪ್ಪೂ ಅದರೊಳಗೇ ಇದೆ.

ಸಮಡೋಳಿಯ ಆಚೆಗೆ ಒಂದು ಹಳ್ಳಿ. ಅಲ್ಲಿ ನೇಮಣ್ಣ, ಪಾಯಪ್ಪ ಎಂಬ ಇಬ್ಬರು ಜೈನ ರೈತರ ಹೊಲ ಒಂದಕ್ಕೊಂದು ಹತ್ತಿಕೊಂಡಿದ್ದವು, ಮನೆಗಳೂ ಒಂದೇ ಓಣಿಯಲ್ಲಿ. ನಡುವಿನ ಬಾಂಧಿನ ವಿಷಯಕ್ಕೆ ಆ ವರ್ಷ ಬೇಸಗೆಯಲ್ಲಿ ಬಾಯಿಗೆ ಬಾಯಿ ಆಗಿತ್ತು. ನೇಮಣ್ಣ ನಾಲ್ಕು ಜನರೆದುರು, "ನಿನ್ನ ಎತ್ತ ಇನ್ನೊಮ್ಮೆ ನನ್ನ ಹೊಲದಾಗ ಬರ್ಲಿ, ಆಮ್ಯಾಲೆ ನೋಡ" ಎಂದಿದ್ದ. ಭಾದ್ರಪದದಲ್ಲಿ ಪಾಯಪ್ಪನ ಎತ್ತು ಬಾಯಲ್ಲಿ ನೊರೆ ಬಂದು ಸತ್ತಿತು. ಅದಾಗಿ ಎರಡು ದಿನಕ್ಕೆ ನೇಮಣ್ಣ ಪಾಯಪ್ಪನ ಮನೆಯ ಬಾಗಿಲಿಗೆ ಹೋಗಿ, ಇಬ್ಬರು ನೆರೆಯವರ ಎದುರಿಗೆ ಕೈ ಮುಗಿದು, ಕ್ಷಮಿಸು ಎಂದ. ಅದೇ ದಿನ ಮಧ್ಯಾಹ್ನದ ಹೊತ್ತಿಗೆ ಪೊಲೀಸರು ಅವನನ್ನು ಹಿಡಿದರು. ವಿಷ ಹಾಕಿ ಎತ್ತು ಕೊಂದ ಆರೋಪ. ಸಾಬೀತಾದರೆ ಜೈಲು. ಜೈಲಿಗಿಂತ ದೊಡ್ಡದು ಇನ್ನೊಂದಿತ್ತು. ಇರುವೆ ತುಳಿದರೂ ಮರುಗುವ ಜನರ ನಡುವೆ ಜೀವ ತೆಗೆದವನೆಂದು ಹೆಸರು ಬಂದರೆ ಅವನಿಗೆ ಬಸದಿಯ ಮೆಟ್ಟಿಲು ಹತ್ತಲು ಮುಖವಿರುತ್ತಿರಲಿಲ್ಲ, ಮಗಳಿಗೆ ವರ ಸಿಗುತ್ತಿರಲಿಲ್ಲ.

ಇಲ್ಲಿ ಕಾನೂನು ಸ್ವಲ್ಪ ಹೇಳುತ್ತೇನೆ, ಹೊಸಬರು ಬೇಸರಿಸಬಾರದು. ಪೊಲೀಸರ ಮುಂದೆ ಆರೋಪಿ ಮಾಡಿದ ಕಬೂಲಿ ಕೋರ್ಟಿನಲ್ಲಿ ನಡೆಯುವುದಿಲ್ಲ. ಅದು ಹೇಗೆ ಬಾಯಿಂದ ಹೊರಗೆ ಬರುತ್ತದೆಂಬುದು ಕಾನೂನು ಮಾಡಿದವರಿಗೂ ಗೊತ್ತಿತ್ತು. ಆದರೆ ನೆರೆಮನೆಯವನ ಮುಂದೆ ತಾನಾಗಿಯೇ ಹೇಳಿದ ಮಾತು ಪುರಾವೆಯಾಗಿ ನಿಲ್ಲಬಹುದು. ಪೊಲೀಸರ ಹತ್ತಿರ ಇದ್ದದ್ದು ಅದೊಂದೇ. ಅವರ ಕಾರಕೂನ ಎಲ್ಲ ಖಟ್ಲೆಗೂ ಒಂದೇ ಸಾಲು ಬರೆಯುವವನು. ಮರಾಠಿಯ ಮೋಡಿ ಅಕ್ಷರದಲ್ಲಿ ಸರಸರನೆ, ಆರೋಪಿ ಗುನ್ಹೆ ಕಬೂಲು ಮಾಡಿ ಮಾಫಿ ಬೇಡಿದ ಎಂದು ಬರೆದಿದ್ದ. ದಿನಾಂಕ ಇಂಗ್ರಜಿ ಲೆಕ್ಕದ್ದು.

ಆ ಕಾಗದ ಓದಿಕೊಂಡೇ ನಾನು ಅವನ ವಕೀಲನಾಗಿ ನೇಮಣ್ಣನನ್ನು ನೋಡಲು ಪೊಲೀಸ್ ಚೌಕಿಯ ಕೋಣೆಗೆ ಹೋದೆ. ನನಗಿಂತ ಹದಿನೈದು ವರ್ಷ ದೊಡ್ಡವನು. ಗೋಡೆಗೆ ಒರಗಿ ಕೂತಿದ್ದ, ಏಳಲು ಹೋಗಿ ತೂಗಾಡಿದ. ಮುಖ ಬಾಡಿತ್ತು. ತಪ್ಪು ಮಾಡಿದವರ ಮುಖ ಹೀಗೇ ಇರುತ್ತದೆಂದುಕೊಂಡೆ. ಮೂಗು ನೋಡಿ ತೀರ್ಪು ಕೊಡುವ ಮ್ಯಾಜಿಸ್ಟ್ರೇಟರನ್ನು ನೋಡಿ ನಕ್ಕವನು ನಾನು!

"ಪಾಯಪ್ಪನ ಮನಿಗೆ ಹೋಗಿದ್ದೇನು?"

"ಹೋಗಿದ್ದೆ ರಿ."

"ಕೈ ಮುಗದೀಯೇನು?"

"ಮುಗದೇನ್ರಿ."

"ಕ್ಷಮಾ ಮಾಡು ಅಂದೀಯೇನು?"

"ಅಂದೇನ್ರಿ."

ಯಾಕೆ ಎಂದು ನಾನು ಕೇಳಲಿಲ್ಲ. ಕೇಳಬೇಕಾದದ್ದು ಅದೊಂದೇ ಪ್ರಶ್ನೆ. ಬದಲಿಗೆ ನನ್ನ ಜಾಣತನ ತೋರಿಸಿದೆ. "ನೋಡು ನೇಮಣ್ಣಾ, ಮೂರು ಮಂದಿ ಮುಂದ ಒಪ್ಪಿಕೊಂಡೀದಿ. ಈಗ ಕೋರ್ಟಿನಾಗೂ ಗುನ್ಹೆ ಕಬೂಲ ಅಂದುಬಿಡು. ಮೊದಲನೇ ಗುನ್ಹೆ, ರೈತ ಮನಷ್ಯಾ ಅಂತ ಸಾಹೇಬ್ರಿಗೆ ಹೇಳಿ ಸಣ್ಣ ಶಿಕ್ಷಾದಾಗ ಪಾರು ಮಾಡ್ತೀನಿ" ಎಂದೆ.

ಅವನು ಗೋಡೆ ಹಿಡಿದು ನೆಟ್ಟಗೆ ಕೂತ. "ಎತ್ತ ಕೊಂದೀನಿ ಅಂತ ಹೇಳಬೇಕೇನ್ರಿ?"

"ಹೂಂ."

"ನಾ ಕೊಂದಿಲ್ಲಲ್ರಿ, ಸಾಹೇಬ್ರ."

"ಹಂಗ ಎಲ್ಲಾರೂ ಅಂತಾರ" ಎಂದೆ.

"ಹಂಗಾರ ನನ್ನ ಕಡಿಂದ ಆಗಂಗಿಲ್ರಿ. ಜೈಲಿಗೆ ಹಾಕಿದ್ರ ಹೋಗ್ತೀನಿ. ಸುಳ್ಳ ಹೇಳಂಗಿಲ್ಲ."

ನನಗೆ ಸಿಟ್ಟು ಬಂತು. ನನ್ನ ಸಲಹೆ ಕೇಳದ ಕಕ್ಷಿದಾರ ನನಗೆ ಮೊದಲಿನಿಂದಲೂ ಆಗಿಬರುವುದಿಲ್ಲ. ಯೋಚನೆ ಮಾಡು ಎಂದು ಹೇಳಿ ಎದ್ದು ಬಂದೆ.

ಮರುದಿನ ಅವನ ಹೆಂಡತಿ ಪದ್ಮವ್ವ ನಮ್ಮ ಮನೆಗೆ ಬಂದಳು. ಮಧ್ಯಾಹ್ನ ತಿರುಗಿತ್ತು, ನಡೆದೇ ಬಂದಿದ್ದಳು, ಕೈಯಲ್ಲಿ ಬಟ್ಟೆಯ ಗಂಟು. ಖಟ್ಲೆಯ ಬಗ್ಗೆ ಕೇಳುತ್ತಾಳೆಂದು ನಾನು ಗಂಟಲು ಸರಿ ಮಾಡಿಕೊಂಡೆ.

"ಸಾಹೇಬ್ರ, ಖಟ್ಲೇದ್ದು ನಿಮಗ ಬಿಟ್ಟದ್ದು. ಹೊತ್ತ ಮುಣಗೂದ್ರಾಗ ಈ ಎರಡ ರೊಟ್ಟಿ ಅವ್ರ ಕೈಗೆ ಮುಟ್ಟೂ ಹಂಗ ಮಾಡ್ರಿ, ಸಾಕು."

"ಯಾಕ, ಅಲ್ಲೆ ಊಟಾ ಕೊಡ್ತಾರಲ್ಲ?"

"ದೀಪಾ ಹಚ್ಚಿದ ಮ್ಯಾಲೆ ಕೊಡ್ತಾರಂತ್ರಿ. ಹೊತ್ತ ಮುಣಗಿದ ಮ್ಯಾಲೆ ನಾವು ಉಣ್ಣಂಗಿಲ್ಲಲ್ರಿ. ಮುಂಜಾನೆ ಒಂದ ಹಿಡಿ ಪುಟಾಣಿ ಕೊಡ್ತಾರಂತ, ಅದರ ಮ್ಯಾಲೆ ಅದಾರ. ಪರ್ವದಾಗ ಹತ್ತ ದಿನಾ ಒಪ್ಪತ್ತು ಮಾಡಿದ್ರು, ಕಡೇ ದಿನಾ ನೀರ ಸೈತ ಇಲ್ಲ. ಮರುದಿನಾ ಎಲ್ಲಾರ ಮನಿಗೆ ಹೋಗಿ ಕೈ ಮುಗದು ಬಂದು ಪಾರಣಿಗೆ ಕುಂತಿದ್ರು. ತುತ್ತ ಎತ್ತೂದ್ರಾಗ ಸಿಪಾಯಿಗೋಳು ಬಂದ್ರು."

ನಾನು ಕುರ್ಚಿಯಲ್ಲಿ ಮುಂದಕ್ಕೆ ಬಾಗಿದೆ. "ಎಲ್ಲಾರ ಮನಿಗೆ? ಪಾಯಪ್ಪನ ಮನಿಗೆ ಒಂದ ಅಲ್ಲೇನು?"

"ಅವತ್ತ ಕ್ಷಮಾವಣಿ ಅಲ್ಲೇನ್ರಿ?" ಎಂದಳು ಪದ್ಮವ್ವ, ಇಷ್ಟೂ ಗೊತ್ತಿಲ್ಲದ ವಕೀಲನನ್ನು ನೋಡುತ್ತ.

ಗೊತ್ತಿತ್ತು! ಚೆನ್ನಾಗಿಯೇ ಗೊತ್ತಿತ್ತು. ನಮ್ಮ ಪೇಟೆಯಲ್ಲಿ ಅರ್ಧ ಜನ ಜೈನರು. ದಶಲಕ್ಷಣ ಪರ್ವದ ಹತ್ತು ದಿನ ಉಪವಾಸ, ಪೂಜೆ ಮುಗಿದ ಮೇಲೆ ಅವರು ಮನೆಮನೆಗೆ ಹೋಗಿ, ತಿಳಿದೋ ತಿಳಿಯದೆಯೋ ತಪ್ಪಾಗಿದ್ದರೆ ಕ್ಷಮಿಸಿ ಎಂದು ಕೈ ಮುಗಿಯುತ್ತಾರೆ. ವರ್ಷದಲ್ಲಿ ಯಾರ ಜೊತೆ ಮನಸ್ಸು ಕೆಟ್ಟಿದೆಯೋ ಅವರ ಮನೆಗೆ ಮೊದಲು ಹೋಗಬೇಕು. ನಮ್ಮ ಪಕ್ಕದ ಬಟ್ಟೆ ಅಂಗಡಿಯ ಅಣ್ಣಪ್ಪಶೆಟ್ಟರು ಪ್ರತಿ ವರ್ಷ ಬರುತ್ತಿದ್ದರು. ಆ ವರ್ಷವೂ, ಅದೇ ದಿನ, ಬಂದಿದ್ದರು. ನಾನು ಯಾವಾಗಿನಂತೆ, "ನಿಮ್ಮ ಧೋತರ ಎರಡ ಒಗೆತಕ್ಕ ಹರೀತು, ಅದಕ್ಕ ಕೇಳ್ರಿ ಕ್ಷಮಾ" ಎಂದು ಚೇಷ್ಟೆ ಮಾಡಿ ಕಳಿಸಿದ್ದೆ. ಪೊಲೀಸರ ಕಾಗದದಲ್ಲಿ ಇಂಗ್ರಜಿ ತಾರೀಖು ಇತ್ತು, ಪಂಚಾಂಗ ನಮ್ಮ ಮನೆಯ ಗೂಟಕ್ಕೆ ನೇತಾಡುತ್ತಿತ್ತು. ಎರಡನ್ನೂ ಸೇರಿಸಿ ನೋಡುವ ತೊಂದರೆಯನ್ನು ನಾನು ತೆಗೆದುಕೊಂಡಿರಲಿಲ್ಲ.

ನನ್ನ ಕಕ್ಷಿದಾರ ಹಸಿವಿನಿಂದ ಬಾಡಿ ಕೂತಿದ್ದ. ನಾನು ಅದನ್ನು ಅಪರಾಧವೆಂದು ಓದಿದ್ದೆ. ಆ ಹೊತ್ತು ನನಗೆ ಬಹಳ ನಾಚಿಕೆಯಾಯಿತು.

ಅವತ್ತೇ ಅರ್ಜಿ ಬರೆದು ಸಾತಾರೆಯ ಸಾಹೇಬರ ಮುಂದೆ ಹಿಡಿದೆ. ಆರೋಪಿಗೆ ಹೊತ್ತು ಮುಳುಗುವ ಮೊದಲು, ಮನೆಯಿಂದ ಬಂದ ಊಟ ಕೊಡಬೇಕು. ಚೌಕಿಯ ಪೊಲೀಸ್ ಫೌಜದಾರರು, ಹೀಗೆ ಒಬ್ಬೊಬ್ಬರಿಗೆ ಒಂದೊಂದು ಹೊತ್ತಿಗೆ ಊಟ ಕೊಟ್ಟರೆ ಚೌಕಿ ಖಾನಾವಳಿಯಾಗುತ್ತದೆ ಎಂದರು. ಸಾಹೇಬರು ತಪಕೀರು ಏರಿಸಿ, "ಶಿಕ್ಷೆ ನಾನಿನ್ನೂ ಕೊಟ್ಟಿಲ್ಲ. ನೀವು ಯಾಕೆ ಶುರು ಮಾಡಿದಿರಿ?" ಎಂದು ಮರಾಠಿಯಲ್ಲಿ ಕೇಳಿ ಸಹಿ ಹಾಕಿದರು. ಆ ಸಂಜೆ ಬಿಸಿಲಿರುವಾಗಲೇ ನೇಮಣ್ಣ ರೊಟ್ಟಿ ತಿಂದ. ಆರೋಪಿಯ ಹಕ್ಕು ಎಂದರೆ ಏನೆಂದು ಕೇಳುವ ಹೊಸಬರಿಗೆ ನಾನು ಮೊದಲು ಈ ಎರಡು ರೊಟ್ಟಿಯ ಕತೆಯನ್ನೇ ಹೇಳುತ್ತೇನೆ.

ಆದರೆ ಖಟ್ಲೆ ಇನ್ನೂ ಬಾಕಿ ಇತ್ತು. ಫಿರ್ಯಾದಿ ಕಡೆಯ ಸಾಕ್ಷಿಗಳ ಮೊದಲ ಹೇಳಿಕೆಯಲ್ಲಿ ಪಾಯಪ್ಪ ಬಂದು, ನೇಮಣ್ಣ ನೆಟ್ಟಗೆ ನಮ್ಮ ಮನೆಗೇ ಮೊದಲು ಬಂದ, ಕೈ ಮುಗಿದ, ಕ್ಷಮಾ ಕೇಳಿದ ಎಂದು ಹೇಳಿ ಹೋದ. ಎಲ್ಲವೂ ನಿಜ. ಯಾವ ದಿನವೆಂದು ಯಾರೂ ಕೇಳಲಿಲ್ಲ, ಅವನೂ ಹೇಳಲಿಲ್ಲ. ಸಾಹೇಬರಿಗೆ ಅದು ಪಿತೃಪಕ್ಷದ ಮೊದಲ ದಿನ, ಅಷ್ಟೆ. ಆಮೇಲೆ ಆರೋಪ ಓದಿ ಹೇಳುವ ದಿನ ಬಂತು. ಆರೋಪಿಗೆ ಶಪಥವಿಲ್ಲ, ಕೇಳಿದ್ದಕ್ಕೆ ಹೌದು, ಇಲ್ಲ ಎಂದರೆ ಸಾಕು, ಹೆಚ್ಚು ಮಾತಾಡಬೇಡ ಎಂದು ನಾನು ನೇಮಣ್ಣನಿಗೆ ನೂರು ಸಲ ಹೇಳಿದ್ದೆ. ಸಾಹೇಬರು ಮರಾಠಿಯಲ್ಲಿ ಉದ್ದಕ್ಕೆ ಹೇಳಿದ್ದನ್ನು ಕೋರ್ಟಿನ ಕಾರಕೂನ ಕನ್ನಡದಲ್ಲಿ ಮೊಟಕು ಮಾಡಿ, "ನೀ ಜೀವಾ ತಗದೀದಿ ಅಂತ ಆರೋಪ ಐತಿ. ಏನಂತಿ?" ಎಂದು ಕೇಳಿದ.

ನೇಮಣ್ಣ ವಿಚಾರ ಮಾಡಿದ. ಅವನು ವಿಚಾರ ಮಾಡಿದ್ದು ನೋಡಿಯೇ ನಾನು ಕುರ್ಚಿಯ ತುದಿಗೆ ಬಂದೆ.

"ಹೊಲಾ ಮಾಡಾಂವ ಜೀವಾ ತಗದಿಲ್ಲಂತ ಹೆಂಗ ಹೇಳ್ಲಿರಿ? ನೇಗಲಾ ಹೊಡದಾಗ ಎಷ್ಟ ಹೋಗಿರ್ತಾವೋ ಏನೋ."

ಕಾರಕೂನನ ಲೇಖನಿ ಆಗಲೇ ಕಾಗದದ ಮೇಲೆ ಓಡುತ್ತಿತ್ತು. ಚೌಕಿಯವನಂತೆ ಇವನೂ ಏನು ಬರೆಯುತ್ತಾನೆಂಬುದು ನನಗೆ ಬಾಯಿಪಾಠ. ನಾನು ಎದ್ದು ನಿಂತು, ಬಹುಶಃ ಕೋರ್ಟಿನಲ್ಲಿ ಕೂಗಬಾರದಷ್ಟು ಜೋರಾಗಿ, "ಬರೀಬ್ಯಾಡ್ರಿ!" ಎಂದೆ. ಸಾಹೇಬರು ಹುಬ್ಬೇರಿಸಿದರು. ಆರೋಪಿ ನೇಗಿಲಿಗೆ ಸಿಕ್ಕ ಹುಳಗಳ ಮಾತು ಹೇಳುತ್ತಿದ್ದಾನೆ, ಎತ್ತಿನ ಮಾತು ಅವನಿಗೆ ಪೂರ್ತಿ ತಿಳಿಸಿಯೇ ಇಲ್ಲ, ಆರೋಪ ಅವನಿಗೆ ತಿಳಿಯುವ ಭಾಷೆಯಲ್ಲಿ ಇಡಿಯಾಗಿ ಹೇಳಬೇಕೆಂಬುದು ಅವನ ಹಕ್ಕು ಎಂದೆ. ಸಾಹೇಬರು ಕಾರಕೂನನಿಗೆ ಮತ್ತೆ ಕೇಳಲು ಹೇಳಿದರು, ಈ ಸಲ ಒಂದು ಶಬ್ದವೂ ಬಿಡದೆ.

"ಪಾಯಪ್ಪನ ಎತ್ತಿಗೆ ವಿಷಾ ಹಾಕೀದೇನು?"

"ಇಲ್ರಿ" ಎಂದ ನೇಮಣ್ಣ, ಉಸಿರು ತೆಗೆದುಕೊಳ್ಳದೆ. ಅದನ್ನೇ ಬರೆದುಕೊಂಡರು.

ಮುಂದಿನ ತಾರೀಖಿಗೆ ಪಾಯಪ್ಪ ಪಾಟೀಸವಾಲಿಗೆ ನಿಂತ. ನನ್ನ ಹತ್ತಿರ ಪಂಚಾಂಗವಿತ್ತು.

"ಪಾಯಪ್ಪಾ, ಅವತ್ತ ನಿಮ್ಮ ಜೈನರಾಗ ಯಾವ ದಿನಾ?"

"ಕ್ಷಮಾವಣಿ ರಿ."

"ನೇಮಣ್ಣ ನಿಮ್ಮ ಮನ್ಯಾಗಿಂದ ಎಲ್ಲೆ ಹ್ವಾದಾ?"

"ಓಣ್ಯಾಗ ಎಲ್ಲಾರ ಮನಿಗೂ ಹ್ವಾದಾ ರಿ."

"ಅಲ್ಲೂ ಎತ್ತ ಸತ್ತಿದ್ದೂವೇನು?"

ಹಿಂದಿನ ಬೆಂಚಿನಲ್ಲಿ ಯಾರೋ ನಕ್ಕರು. ಸಾಹೇಬರು ಕೈ ಎತ್ತಿ ಸುಮ್ಮನಿರಿಸಿದರು.

"ನಿಮ್ಮ ಮನಿಗೆ ಮೊದಲ ಯಾಕ ಬಂದಾ?"

"ಜಗಳಾ ಆಗಿತ್ತಲ್ರಿ. ಹಂಗ ಇದ್ದವರ ಮನಿಗೆ ಮೊದಲ ಹೋಗೂದು."

"ಅಂವ ಕೈ ಮುಗದಾಗ ನೀವು ಏನ ಮಾಡಿದ್ರಿ?"

ಪಾಯಪ್ಪ ನೆಲ ನೋಡಿದ. ಅವನೂ ಹತ್ತು ದಿನ ಪರ್ವ ಮಾಡಿದವನೇ. ಎತ್ತು ಸತ್ತ ಸಂಕಟ, ಬಾಂಧಿನ ಸಿಟ್ಟು ಎರಡೂ ಸೇರಿ ಅವನನ್ನು ಚೌಕಿಯ ತನಕ ನಡೆಸಿದ್ದವು. ಶಪಥ ತೆಗೆದುಕೊಂಡು ಸುಳ್ಳು ಹೇಳುವುದು ಅವನಿಗೂ ಬರುತ್ತಿರಲಿಲ್ಲ.

"ನಾನೂ ಕೈ ಮುಗದೇನ್ರಿ."

"ಏನಂದ್ರಿ?"

"ನನ್ನಿಂದೂ ತಪ್ಪಾಗಿದ್ರ ಕ್ಷಮಾ ಮಾಡು ಅಂದೇನ್ರಿ."

"ಹಂಗಾರ ನೀವು ಅವನ ಯಾವ ಎತ್ತ ಕೊಂದಿದ್ರಿ?"

ಪಾಯಪ್ಪ ನನ್ನನ್ನು ಬಿಟ್ಟು ಸಾಹೇಬರ ಕಡೆ ತಿರುಗಿದ. "ಸಾಹೇಬ್ರ, ಅವತ್ತ ಕ್ಷಮಾವಣಿ ಅಂತ ನಾ ಚೌಕ್ಯಾಗ ಹೇಳಿದ್ದೆ ರಿ. ಅವ್ರು ಬರಕೊಳ್ಳಲಿಲ್ಲ. ನಾನೂ ಮತ್ತ ಹೇಳಲಿಲ್ಲ" ಎಂದ. ಆಮೇಲೆ ಉಳಿದದ್ದೆಲ್ಲ ತಾನಾಗಿಯೇ ಹೊರಗೆ ಬಂತು. ಎತ್ತು ಸತ್ತ ದಿನ ಮುಂಜಾನೆ ಹಗ್ಗ ಕಿತ್ತುಕೊಂಡು ಹೋಗಿ, ಮಳೆಯಿಲ್ಲದೆ ಬಾಡಿದ ಎಳೆ ಜೋಳ ಮೇಯ್ದಿತ್ತು. ಅಂಥ ಜೋಳ ತಿಂದರೆ ದನ ಸಾಯುತ್ತದೆಂಬುದು ಎಲ್ಲ ರೈತರಿಗೂ ಗೊತ್ತು. ವಿಷವೆಂದು ಯಾವ ಡಾಕ್ಟರೂ ನೋಡಿರಲಿಲ್ಲ. ಅ‌ಪರಾಧ ಆಗಿದೆಯೋ ಇಲ್ಲವೋ ಎಂಬುದೇ ಯಾರಿಗೂ ಗೊತ್ತಿರಲಿಲ್ಲ, ಅಪರಾಧಿ ಮಾತ್ರ ಒಳಗಿದ್ದ. ಸಾಹೇಬರು ನೇಮಣ್ಣನನ್ನು ಬಿಟ್ಟರು.

ಆ ಸಂಜೆ ನಾನು ಪೇಟೆಯಲ್ಲಿ ಎದೆ ಸೆಟೆಸಿಕೊಂಡೇ ನಡೆದೆ. ಬಾಪು ವಕೀಲರ ಮನೆಗೆ ಹೋಗಿ ಪಾಟೀಸವಾಲನ್ನು ಅಭಿನಯಸಹಿತ ಒಪ್ಪಿಸಿದೆ. ಅವರು ಪೂರ್ತಿ ಕೇಳಿ, ಚೆನ್ನಾಗಿತ್ತು ಎಂದರು. ಆಮೇಲೆ, "ಅವನು ಮೊದಲ ದಿನ ನಿನಗೆ ಏನು ಹೇಳಿದ್ದ?" ಎಂದು ಕೇಳಿದರು.

"ಕೊಂದಿಲ್ಲ ಎಂದಿದ್ದ."

"ನೀನು ಏನು ಹೇಳಿದೆ?"

ನಾನು ಖಟ್ಲೆಯ ಕಾಗದಗಳನ್ನು ಮಡಚಿ ಕಟ್ಟತೊಡಗಿದೆ. ಅವರು ಎರಡನೆಯ ಸಲ ಕೇಳದೆ ಚಹಾ ತರಿಸಿದರು.

ಮುಂದೆ ಬಹಳ ಬದಲಾಯಿತು. ಮೋಡಿ ಹೋಯಿತು, ಟೈಪು ಬಂತು. ಹೇಳಿಕೆಗಳನ್ನು ಹೇಳಿದವನ ಮಾತಿನಲ್ಲೇ ಬರೆಯಬೇಕೆಂಬ ಶಿಸ್ತು ಸ್ವಲ್ಪ ಸ್ವಲ್ಪವಾಗಿ ಬಂತು. ನಾನೂ ಒಂದು ರೂಢಿ ಮಾಡಿಕೊಂಡೆ. ಯಾವ ಖಟ್ಲೆ ಬಂದರೂ ದಿನಾಂಕವನ್ನು ಕಕ್ಷಿದಾರನ ಪಂಚಾಂಗದಲ್ಲಿ ಕೇಳುತ್ತಿದ್ದೆ: ಅವತ್ತು ಅಮಾವಾಸ್ಯೆಯೋ, ಉರುಸೋ, ಸಂತೆಯೋ, ನಿಮ್ಮ ಮನೆಯಲ್ಲಿ ಅವತ್ತು ಏನು ಅಡಿಗೆ ಮಾಡಿದ್ದರು ಎಂದು. ಇದರಿಂದ ನಾನು ಗೆದ್ದ ಖಟ್ಲೆಗಳನ್ನು ಹೇಳುತ್ತ ಕೂತರೆ ಇನ್ನೊಂದು ಪುಸ್ತಕವಾಗುತ್ತದೆ. ಆದರೆ ಮರುವರ್ಷದ ಕ್ಷಮಾವಣಿಯ ಮಾತು ಹೇಳದೆ ಮುಗಿಸುವಂತಿಲ್ಲ.

ಅವತ್ತು ಅಣ್ಣಪ್ಪಶೆಟ್ಟರು ಬಂದು ಹೋಗಿದ್ದರು. ಧೋತರದ ಚೇಷ್ಟೆ ನನ್ನ ಬಾಯಿಗೆ ಬರಲಿಲ್ಲ. ನಾಲ್ಕು ಗಂಟೆಯ ಹೊತ್ತಿಗೆ ಜಗುಲಿಯಲ್ಲಿ ಇಬ್ಬರು ಕಕ್ಷಿದಾರರು ಕೂತಿದ್ದಾಗ ನೇಮಣ್ಣ ಬಂದ. ಚಪ್ಪಲಿ ಬಿಟ್ಟು, ಗಂಟು ಕೆಳಗಿಟ್ಟು, ಕೈ ಮುಗಿದ.

"ಸಾಹೇಬ್ರ, ತಿಳದೋ ತಿಳೀದೋ ತಪ್ಪಾಗಿದ್ರ ಕ್ಷಮಾ ಮಾಡ್ರಿ."

"ಪಾಯಪ್ಪನ ಮನಿಗೆ ಹೋಗಿದ್ರೇನು?" ಎಂದೆ, ಏನಾದರೂ ಕೇಳಬೇಕೆಂದು.

"ಮೊದಲ ಅಲ್ಲೇ ಹೋಗಿದ್ದೆ ರಿ. ವಕೀಲರನ್ನ ಜೋಡಿ ಕರಕೊಂಡ ಹೋಗ್ರಿ ಅಂತ ಮನ್ಯಾಕಿ ನಕ್ಕಳು. ನಾ ಹೋಗೂದ್ರಾಗ ಅಂವ ಬಾಗಲದಾಗ ನಿಂತಿದ್ದಾ. ನನಗಿಂತ ಮೊದಲ ಕೈ ಮುಗದಾ."

ಹೇಳಿ ನಿಂತೇ ಇದ್ದ, ಕೈ ಮುಗಿದುಕೊಂಡು. ಕ್ಷಮಾವಣಿಗೆ ಉತ್ತರ ಕೊಡಬೇಕು, ಅದೇ ಮಾತಿನಲ್ಲಿ, ತಪ್ಪಾಗಿದ್ದರೆ ಎಂದು. ಪ್ರತಿ ವರ್ಷ ನಕ್ಕು ತಪ್ಪಿಸಿಕೊಂಡವನು ನಾನು. ಅವತ್ತು ಕುರ್ಚಿಯಿಂದ ಎದ್ದೆ.

"ತಪ್ಪಾಗಿದ್ರ ಅಂತ ನಾ ಅನ್ನೂದಿಲ್ಲ ನೇಮಣ್ಣಾ. ತಪ್ಪಾಗೇತಿ. ಕೊಂದಿಲ್ಲ ಅಂತ ನೀವು ಹೇಳಿದ್ರಿ, ನಾ ನಂಬಲಿಲ್ಲ. ಕೊಂದೀನಿ ಅನ್ರಿ ಅಂತ ನಿಮ್ಮ ವಕೀಲ ಆಗಿ ನಾನ ಹೇಳಿದೆ. ಕ್ಷಮಾ ಮಾಡ್ರಿ."

ಜಗುಲಿಯಲ್ಲಿದ್ದ ಇಬ್ಬರೂ ನೋಡುತ್ತಿದ್ದರು. ಒತ್ತಾಯವಿಲ್ಲ, ಆಸೆಯಿಲ್ಲ, ಇಬ್ಬರು ಸಾಕ್ಷಿಗಳ ಎದುರಿಗೆ. ಯಾವ ಕೋರ್ಟಿನಲ್ಲೂ ನಿಲ್ಲುವ ಕಬೂಲಿ ಅದು. ನೇಮಣ್ಣನಿಗೆ ಮುಜುಗರವಾಯಿತು. "ಏ, ಬಿಡ್ರಿ ಸಾಹೇಬ್ರ, ದೊಡ್ಡವರು ನೀವು" ಎಂದು ಬೇರೆ ಕಡೆ ನೋಡಿದ.

"ಉಂಡ ಬಂದೀರೇನು?" ಎಂದೆ.

"ಇಲ್ರಿ. ಊರಾಗಿನ್ವೆಲ್ಲಾ ಮುಗಿಸೇನ್ರಿ. ನಿಮ್ಮದೊಂದ ಉಳದಿತ್ತು."

ಪಾರಣೆ ಬಿಟ್ಟು, ಖಾಲಿ ಹೊಟ್ಟೆಯಲ್ಲಿ ಅಷ್ಟು ದೂರ ನಡೆದು ಬಂದಿದ್ದ. ನನ್ನ ಹೆಂಡತಿ ಒಳಗಿನಿಂದ, ಜೈನರ ರೂಢಿಯಂತೆ, ನೀರನ್ನು ಬಟ್ಟೆಯಲ್ಲಿ ಸೋಸಿ ತಂದು ಕೊಟ್ಟಳು. ನೇಮಣ್ಣ ಜಗುಲಿಯ ಮೇಲೆ ಕೂತು ಪದ್ಮವ್ವ ಕಟ್ಟಿಕೊಟ್ಟ ಗಂಟು ಬಿಚ್ಚಿದ. ಬಿಸಿಲು ಇನ್ನೂ ಎದುರಿನ ಗೋಡೆಯ ಮೇಲಿತ್ತು. ರೊಟ್ಟಿ ಮುರಿದು ತುತ್ತು ಎತ್ತಿದವನು ಅಲ್ಲೇ ತಡೆದು, ರಸ್ತೆಯ ಕಡೆ ನೋಡಿ, "ಸಿಪಾಯಿ ಗಿಪಾಯಿ ಬಂದಾರೇನ ನೋಡ್ರಿ" ಎಂದು ನಕ್ಕ.

ನಾನು ನಿಜವಾಗಿಯೂ ಎದ್ದು ಮೆಟ್ಟಿಲ ತನಕ ಹೋಗಿ ನೋಡಿದೆ. ಯಾರೂ ಇರಲಿಲ್ಲ. ಅವನ ಊಟ ಮುಗಿಯುವವರೆಗೂ ನಾನು ಅಲ್ಲೇ ನಿಂತಿದ್ದೆ.